ಮರವೈದ್ಯರಿಗೆ ಯೋಗ್ಯತಾಪತ್ರ

ಮುಂಗಾರು ಸಮೀಪಿಸಿತೆಂದರೆ ನಮ್ಮ ಅರಿಶಿನಕುಂಟೆಯ ಮಹಾಜನರಿಗೆ ತಲೆಯೆತ್ತಿ ನೋಡುವ ಅಭ್ಯಾಸವು ತಾನಾಗಿಯೇ ಬಂದುಬಿಡುತ್ತದೆ. ಅವರು ನೋಡುವುದು ಮೋಡವನ್ನಲ್ಲ. ಮನೆಯ ಮೇಲೆ ಬಾಗಿರುವ ಕೊಂಬೆಯನ್ನು. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ನೆಲಮಂಗಲಕ್ಕೆ ಸೇರಿದಂತೆಯೇ ಇರುವ ಈ ಊರು ಹಿಂದೆ ಹೊಲಗದ್ದೆಗಳ ನಡುವಣ ಹಳ್ಳಿಯಾಗಿತ್ತು. ಇಂದು ನಗರಸಭೆಯ ಎಲ್ಲೆಯೊಳಗೆ ಸೇರಿ, ನಿವೇಶನಗಳಾಗಿ, ಮಹಡಿ ಮನೆಗಳಾಗಿ, ಉಗ್ರಾಣಗಳಾಗಿ ಮಾರ್ಪಟ್ಟಿದೆ. ಹೊಲದ ಬದುವಿನಲ್ಲಿ ನಿರಾತಂಕವಾಗಿ ಬೆಳೆದ ಹೊಂಗೆ, ಬೇವು, ಹುಣಿಸೆ, ಅರಳಿಮರಗಳು ಈಗ ಗೋಡೆಗೂ ವಿದ್ಯುತ್ತಿನ ತಂತಿಗೂ ನಡುವೆ ಸಿಕ್ಕಿಕೊಂಡಿವೆ. ಮರವು ತಾನಿದ್ದ ಸ್ಥಳದಲ್ಲಿಯೇ ಇದೆ. ನಾವು ಅದರ ಬಳಿಗೆ ಬಂದು ಮನೆಯನ್ನು ಕಟ್ಟಿ, ಅದು ನಮ್ಮ ಮೇಲೆ ಬಾಗಿದೆಯೆಂದು ದೂರುತ್ತೇವೆ.

ದೂರಿದ ಮೇಲೆ ಮಾಡುವುದೇನು? ಪೇಟೆಯಲ್ಲಿ ನಾಲ್ಕು ಜನರನ್ನು ವಿಚಾರಿಸಿ, ಮರ ಹತ್ತುವವನೊಬ್ಬನನ್ನು ಕರೆಯಿಸುತ್ತೇವೆ. ಆತನು ಮಚ್ಚು, ಕೊಡಲಿ, ಒಂದು ಸುರುಳಿ ಹಗ್ಗ, ಅನುಕೂಲವಿದ್ದರೆ ಬಾಡಿಗೆಗೆ ತಂದ ಯಂತ್ರದ ಗರಗಸ, ಇವುಗಳೊಡನೆ ಇಬ್ಬರು ಮೂವರು ಆಳುಗಳನ್ನು ಕರೆದುಕೊಂಡು ಬರುತ್ತಾನೆ. ಆತನಿಗೆ ಈ ಕೆಲಸವನ್ನು ಕಲಿಸಿದವರಾರು, ಆತನು ಹಿಂದೆ ಸವರಿದ ಮರಗಳು ಬದುಕಿವೆಯೋ ಸತ್ತಿವೆಯೋ, ಆತನು ಬಿದ್ದರೆ ಹೊಣೆ ಯಾರದು ಎಂಬುದನ್ನು ನಾವು ಕೇಳುವುದಿಲ್ಲ. ಕೇಳುವ ಪ್ರಶ್ನೆ ಒಂದೇ: ಎಷ್ಟಕ್ಕೆ ಮಾಡಿಕೊಡುತ್ತೀಯೆ? ಮನೆಗೆ ವಿದ್ಯುತ್ ತಂತಿಯನ್ನು ಎಳೆಯುವವನ ಬಳಿ ವಿದ್ಯುತ್ ಪರಿವೀಕ್ಷಣಾಲಯದವರ ಅನುಮತಿಪತ್ರವಿರಬೇಕೆಂದು ಸರಕಾರದವರು ಕಟ್ಟಳೆ ಮಾಡಿರುವರು. ಬಾಡಿಗೆಯ ಮೋಟಾರನ್ನು ನಡೆಯಿಸುವವನಿಗೂ ರಹದಾರಿ ಬೇಕು. ಆದರೆ ನಲವತ್ತು ಅಡಿ ಎತ್ತರದಲ್ಲಿ ನಿಂತು, ಕೆಳಗೆ ಓಡಾಡುವ ಮಕ್ಕಳ ತಲೆಯ ಮೇಲೆ ಹತ್ತಾರು ಮಣ ತೂಕದ ಕೊಂಬೆಯನ್ನು ಕೊಯ್ದು ಇಳಿಸತಕ್ಕವನಿಗೆ ಯಾವ ಪರೀಕ್ಷೆಯೂ ಇಲ್ಲ, ಯಾವ ಪತ್ರವೂ ಇಲ್ಲ.

ಕಾನೂನೇ ಇಲ್ಲವೆಂದು ನಾವು ಹೇಳುವುದಿಲ್ಲ. 1976ನೆಯ ಇಸವಿಯ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಇದ್ದೇ ಇದೆ. ನೀಲಗಿರಿ, ಸರ್ವೆ ಮೊದಲಾದ ಕೆಲವು ಜಾತಿಗಳನ್ನು ಬಿಟ್ಟರೆ, ಮಿಕ್ಕ ಮರಗಳನ್ನು ಕಡಿಯಬೇಕಾದವನು ವೃಕ್ಷಾಧಿಕಾರಿಯ ಅಪ್ಪಣೆಯನ್ನು ಪಡೆಯತಕ್ಕದ್ದೆಂದು ಅದು ವಿಧಿಸುತ್ತದೆ. ಇದು ಒಳ್ಳೆಯ ಕಾನೂನು. ಆದರೆ ಮರವನ್ನು ಕಡಿಯಬಹುದೋ ಕೂಡದೋ ಎಂಬುದೇ ಅದರ ಮುಖ್ಯ ವಿಚಾರ. ಕಡಿಯುವವನು ಯಾರು, ಸವರುವ ಕ್ರಮವೇನು, ಉಳಿಯಬೇಕಾದ ಮರವು ಆ ಕೈಯಲ್ಲಿ ಉಳಿಯುವುದೋ ಎಂಬ ವಿಚಾರವು ಹಾಗೆಯೇ ಉಳಿದುಬಿಟ್ಟಿದೆ. ರೋಗಿಗೆ ಶಸ್ತ್ರಚಿಕಿತ್ಸೆಯಾಗಬಹುದೆಂದು ಅಪ್ಪಣೆಯಿತ್ತು, ಕತ್ತಿಯನ್ನು ಬೀದಿಯಲ್ಲಿ ಹೋಗುವವನ ಕೈಗೆ ಕೊಟ್ಟ ಹಾಗೆ ಇದು ಆಗಿದೆ.

ಈ ಮಾತನ್ನು ಆಡಲು ನಮಗೆ ಇರುವ ಅಧಿಕಾರವು ನಮ್ಮದೇ ತಪ್ಪಿನಿಂದ ಬಂದದ್ದು. ಕೆಲವು ವರ್ಷಗಳ ಹಿಂದೆ ನಮ್ಮ ಅಚ್ಚುಕೂಟದ ಹಿತ್ತಿಲಲ್ಲಿದ್ದ ಬೇವಿನ ಮರವು ಹೆಂಚಿನ ಮೇಲೆ ಬಾಗಿತ್ತು. ಮೂವರು ಬಂದು ನೋಡಿ ತಮ್ಮ ತಮ್ಮ ಕೂಲಿಯನ್ನು ಹೇಳಿದರು. ಒಬ್ಬನು, ಇಡೀ ದಿನ ಬೇಕು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಂದೊಂದೇ ಕೊಂಬೆಯನ್ನು ಇಳಿಸಬೇಕು, ಆದುದರಿಂದ ಹೆಚ್ಚು ಹಣವಾಗುತ್ತದೆ ಎಂದನು. ಇನ್ನೊಬ್ಬನು, ಅರ್ಧ ದಿನ ಸಾಕು, ಸೌದೆಯನ್ನು ತನಗೆ ಬಿಟ್ಟುಕೊಟ್ಟರೆ ಕೂಲಿಯೂ ಅಲ್ಪವೇ ಸಾಕು ಎಂದನು. ನಾವು ಅಗ್ಗವಾದವನನ್ನೇ ಆರಿಸಿಕೊಂಡೆವು. ಹಗ್ಗವಿಲ್ಲದೆ ಏರಿದ ಅವನ ಆಳು ಮಧ್ಯಾಹ್ನದ ಹೊತ್ತಿಗೆ ಕೊಂಬೆಯೊಡನೆ ಕೆಳಗೆ ಬಿದ್ದು ಸೊಂಟವನ್ನು ಮುರಿದುಕೊಂಡನು. ವಿಮೆಯಿಲ್ಲ, ಕರಾರಿಲ್ಲ, ಅವನು ಯಾರ ಆಳೆಂಬುದಕ್ಕೆ ಒಂದು ಚೀಟಿಯೂ ಇಲ್ಲ. ಆಸ್ಪತ್ರೆಗೆಂದು ನಾವು ಸ್ವಲ್ಪ ಹಣವನ್ನು ಕೊಟ್ಟು, ಉದಾರಿಗಳೆಂದು ನಾಲ್ಕು ಜನರಿಂದ ಹೊಗಳಿಸಿಕೊಂಡೆವು. ಆತನು ಮರಳಿ ಮರವನ್ನೇರಲಿಲ್ಲ. ಬೇವಿನ ಮರವೂ ಬದುಕಲಿಲ್ಲ. ತಲೆಯನ್ನು ಕಡಿಸಿಕೊಂಡ ಅದು ಎರಡು ಮಳೆಗಾಲಗಳಲ್ಲಿ ಒಳಗಿನಿಂದ ಟೊಳ್ಳಾಗಿ, ಮೂರನೆಯದರಲ್ಲಿ ನೆಲಕ್ಕುರುಳಿತು. ಉಳಿಸಿದೆವೆಂದು ತಿಳಿದ ಹಣಕ್ಕಿಂತ ಹೆಂಚಿನ ದುರಸ್ತಿಗೇ ಹೆಚ್ಚು ವೆಚ್ಚವಾಯಿತು. ಆಳಿನ ಸೊಂಟದ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆಯಬೇಕೆಂಬುದು ನಮಗೆ ಇಂದಿಗೂ ತಿಳಿಯದು.

ಮರವನ್ನು ಸವರುವುದು ಒಂದು ವಿದ್ಯೆಯೆಂಬುದನ್ನು ನಮ್ಮವರು ಅರಿಯದವರೇನೂ ಅಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದವೆಂಬ ಅಧ್ಯಾಯವೇ ಉಂಟು. ಸುರಪಾಲನು ಅದೇ ಹೆಸರಿನ ಗ್ರಂಥದಲ್ಲಿ ಮನುಷ್ಯರಿಗಿರುವಂತೆಯೇ ಮರಗಳಿಗೂ ವಾತ ಪಿತ್ತ ಕಫಗಳ ದೋಷವನ್ನು ಹೇಳಿ ಚಿಕಿತ್ಸೆಯನ್ನು ಬರೆದಿರುವನು. ಕನ್ನಡದಲ್ಲಿಯೇ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದದ ಪ್ರಕರಣವಿದೆ. ಸಾವಿರ ವರ್ಷಗಳ ಹಿಂದೆ ಈ ನಾಡಿನ ಭಾಷೆಯಲ್ಲಿ ಶಾಸ್ತ್ರವಾಗಿದ್ದುದು ಇಂದು ಶಾಸ್ತ್ರವೂ ಅಲ್ಲದೆ ಕಸುಬೂ ಅಲ್ಲದೆ ಬರಿಯ ಕೂಲಿಯಾಗಿ ನಿಂತಿದೆ.

ಹೊಸಕಾಲದ ವಿಜ್ಞಾನವು ಈ ವಿದ್ಯೆಗೆ ಸೇರಿಸಿರುವುದೂ ಅಲ್ಪವಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜಾನ್ ಡೇವಿಯೆಂಬಾತನು 1901ರಲ್ಲಿ ಮರವೈದ್ಯನೆಂಬ ಹೆಸರಿನ ಪುಸ್ತಕವನ್ನು ಪ್ರಕಟಿಸಿ ಈ ಕಸುಬಿಗೆ ಗೌರವವನ್ನು ತಂದನು. ಆಮೇಲೆ ಅದೇ ದೇಶದ ಅರಣ್ಯ ಇಲಾಖೆಯ ವಿಜ್ಞಾನಿಯಾದ ಅಲೆಕ್ಸ್ ಶೈಗೋ ಎಂಬಾತನು ಸಾವಿರಾರು ಮರಗಳನ್ನು ಸೀಳಿ ನೋಡಿ ಒಂದು ತತ್ವವನ್ನು ಸ್ಥಾಪಿಸಿದನು. ಮನುಷ್ಯನ ಗಾಯವು ಮಾಯುವಂತೆ ಮರದ ಗಾಯವು ಮಾಯುವುದಿಲ್ಲ. ಮರವು ಕೊಳೆತ ಭಾಗದ ಸುತ್ತ ಒಳಗೇ ಗೋಡೆಯನ್ನು ಕಟ್ಟಿಕೊಂಡು, ಹೊರಗೆ ಹೊಸ ಮರವನ್ನು ಬೆಳೆಸಿ ಗಾಯವನ್ನು ಮುಚ್ಚಿಕೊಳ್ಳುತ್ತದೆ. ಕೊಂಬೆಯು ಕಾಂಡವನ್ನು ಸೇರುವಲ್ಲಿ ಉಬ್ಬಿದ ಕೊರಳೊಂದು ಇರುವುದಷ್ಟೆ. ಆ ಗೋಡೆಯನ್ನು ಕಟ್ಟುವ ಶಕ್ತಿಯೆಲ್ಲ ಆ ಕೊರಳಿನಲ್ಲಿದೆ. ಕೊರಳನ್ನು ಉಳಿಸಿ ಅದರ ಹೊರಗೆ ಕೊಯ್ದರೆ ಗಾಯವು ಮುಚ್ಚುತ್ತದೆ. ಕಾಂಡಕ್ಕೆ ಸಮನಾಗಿ ಕೆತ್ತಿದರೂ, ಮೊಳದುದ್ದದ ಮೋಟನ್ನು ಬಿಟ್ಟರೂ ಕೊಳೆಯು ಒಳಹೊಗುತ್ತದೆ. ಗಾಯಕ್ಕೆ ಡಾಂಬರು ಬಳಿಯುವ ನಮ್ಮ ಪದ್ಧತಿಯು ಕೊಳೆಯನ್ನು ತಡೆಯುವುದಿಲ್ಲ.

ಭಾರವಾದ ಕೊಂಬೆಯನ್ನು ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಬಳಿಕ ಅದರಾಚೆ ಮೇಲಿನಿಂದ ಕೊಯ್ದು ಇಳಿಸಿ, ಕಡೆಗೆ ಉಳಿದ ಮೋಟನ್ನು ಕೊರಳಿನ ಹೊರಗೆ ತೆಗೆಯತಕ್ಕದ್ದು. ಹೀಗೆ ಮಾಡದಿದ್ದರೆ ಕೊಂಬೆಯು ತನ್ನ ಭಾರಕ್ಕೆ ಸಿಗಿದು ಕಾಂಡದ ತೊಗಟೆಯನ್ನೇ ಸುಲಿದುಕೊಂಡು ಹೋಗುತ್ತದೆ. ಇನ್ನು ಮರದ ತಲೆಯನ್ನೇ ಹಾರಿಸುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಹಾರಿಸಿದೆಡೆಯಲ್ಲಿ ಗುಂಪುಗುಂಪಾಗಿ ಚಿಗುರೊಡೆಯುತ್ತದೆ. ಅದನ್ನು ಕಂಡು ಮರವು ಚೆನ್ನಾಗಿದೆಯೆಂದು ಮನೆಯವರು ಹಿಗ್ಗುತ್ತಾರೆ. ಆದರೆ ಆ ಚಿಗುರುಗಳು ಕಾಂಡದೊಳಕ್ಕೆ ಬೇರೂರಿದವುಗಳಲ್ಲ, ಮೇಲ್ಪದರಕ್ಕೆ ಅಂಟಿಕೊಂಡವು. ಕೆಲವೇ ವರ್ಷಗಳಲ್ಲಿ ಅವು ಕೊಂಬೆಗಳಷ್ಟು ಭಾರವಾಗಿ, ಬುಡದಲ್ಲಿ ಕೊಳೆ ಹಿಡಿದು, ಗಾಳಿಗೆ ಮುರಿದು ಬೀಳುತ್ತವೆ. ಅಪಾಯವನ್ನು ಕಳೆಯುವುದಕ್ಕೆಂದು ಮಾಡಿದ ಕೆಲಸವೇ ಅಪಾಯವನ್ನು ಹುಟ್ಟಿಸುತ್ತದೆ. ಇಷ್ಟನ್ನೆಲ್ಲ ಕಲಿಸುವುದಕ್ಕೆ ವರ್ಷಗಳು ಬೇಕಿಲ್ಲ. ಒಂದು ವಾರದಲ್ಲಿ ಕಲಿಸಬಹುದು. ಕಲಿಸುವವರಿಲ್ಲವೆಂಬುದೇ ಕೊರತೆ.

ಕೊರತೆಯ ಫಲವನ್ನು ನಾವು ಕಂಡಿಲ್ಲವೆ? 2024ನೆಯ ಇಸವಿ ಜೂನ್ 2ನೆಯ ತಾರೀಖು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದಾಗ ನಗರದಲ್ಲಿ ನೂರಾರು ಮರಗಳು ಉರುಳಿದುವು. 2025ನೆಯ ಜೂನಿನಲ್ಲಿ ಅದೇ ನಗರದಲ್ಲಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಯುವಕನೊಬ್ಬನ ತಲೆಯ ಮೇಲೆ ಒಣಗಿದ ಕೊಂಬೆಯು ಬಿದ್ದು, ಅವನು ಕೆಲವು ದಿನಗಳ ಮೇಲೆ ಪ್ರಾಣಬಿಟ್ಟನು. ಬಿದ್ದ ಮರಗಳೆಲ್ಲವೂ ತಪ್ಪಾಗಿ ಸವರಿದುದರಿಂದಲೇ ಬಿದ್ದುವೆಂದು ನಾವು ಹೇಳೆವು. ಚರಂಡಿಗೂ ಕೊಳವೆಗೂ ಬೇರನ್ನು ಕಡಿದುದು, ಬುಡಕ್ಕೆ ಸಿಮೆಂಟು ಮೆತ್ತಿದುದು, ಇವೂ ಕಾರಣಗಳೇ. ಆದರೆ ಒಣಗಿದ ಕೊಂಬೆಯನ್ನು ಬೀಳುವುದಕ್ಕೆ ಮುಂಚೆ ಗುರುತಿಸತಕ್ಕ ಕಣ್ಣು, ಗುರುತಿಸಿದ ಮೇಲೆ ಸರಿಯಾಗಿ ಇಳಿಸತಕ್ಕ ಕೈ, ಇವೆರಡೂ ಊರೂರಿನಲ್ಲಿ ಇದ್ದಿದ್ದರೆ ಕೆಲವು ಜೀವಗಳಾದರೂ ಉಳಿಯುತ್ತಿದ್ದುವೆಂಬುದರಲ್ಲಿ ಸಂದೇಹವಿಲ್ಲ.

ಇನ್ನೊಂದು ಮರ್ಮವನ್ನೂ ಇಲ್ಲಿ ಹೇಳಬೇಕು. ನಮ್ಮ ಕಡೆ ಮರ ಸವರುವ ಕೂಲಿಯ ಬಹುಭಾಗವು ಸೌದೆಯ ರೂಪದಲ್ಲಿಯೇ ಸಲ್ಲುತ್ತದೆ. ಕಡಿದವನು ಕಡಿದುದನ್ನು ಒಯ್ದು ಸೌದೆ ಅಂಗಡಿಗೋ ಇಟ್ಟಿಗೆ ಗೂಡಿಗೋ ಮಾರಿಕೊಳ್ಳುತ್ತಾನೆ. ಎರಡು ಕೊಂಬೆಗಳನ್ನು ತೆಗೆದರೆ ಸಾಲುವಲ್ಲಿ ಆರನ್ನು ತೆಗೆದರೆ ಅವನಿಗೇ ಲಾಭ. ಇದಕ್ಕಾಗಿ ಅವನನ್ನು ಬಯ್ಯುವುದು ನ್ಯಾಯವಲ್ಲ. ಏತಕ್ಕೆಂದರೆ ಕೂಲಿಯನ್ನು ಹಣವಾಗಿ ಕೊಡಲೊಲ್ಲದ ನಾವೇ ಈ ಏರ್ಪಾಡನ್ನು ಮಾಡಿದವರು. ರೋಗಿಯ ಅಂಗವನ್ನು ಕೊಯ್ದಷ್ಟೂ ವೈದ್ಯನಿಗೆ ಸಂಪಾದನೆಯೆಂದು ಕರಾರು ಮಾಡಿಕೊಂಡವನು ರೋಗಿಯು ಅಂಗಹೀನನಾದನೆಂದು ಅಳುವುದು ಉಚಿತವೆ?

ಪರದೇಶಗಳಲ್ಲಿ ಏನು ಮಾಡಿರುವರೆಂಬುದನ್ನೂ ನೋಡೋಣ. ಅಮೆರಿಕದಲ್ಲಿ 1924ರಲ್ಲಿ ನೆರಳುಮರಗಳ ವಿಚಾರವಾಗಿ ಸೇರಿದ ಸಮ್ಮೇಳನವೊಂದು ಬೆಳೆದು ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬೊರಿಕಲ್ಚರ್ ಎಂಬ ಸಂಘವಾಯಿತು. ಆ ಸಂಘದವರು 1992ರಿಂದ ಮರವೈದ್ಯರಿಗೆ ಪರೀಕ್ಷೆಯನ್ನು ನಡೆಯಿಸಿ ಯೋಗ್ಯತಾಪತ್ರವನ್ನು ಕೊಡುತ್ತಿರುವರು. ಪರೀಕ್ಷೆಗೆ ಕೂರಬೇಕಾದರೆ ಮೂರು ವರ್ಷಗಳ ಅನುಭವ ಅಥವಾ ತತ್ಸಮಾನವಾದ ವಿದ್ಯೆ ಬೇಕು. ಪತ್ರವನ್ನು ಮೂರು ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು. ಬ್ರಿಟನ್ನಿನಲ್ಲಿ 1964ರಲ್ಲಿ ಸ್ಥಾಪಿತವಾದ ಆರ್ಬೊರಿಕಲ್ಚರಲ್ ಅಸೋಸಿಯೇಷನ್ ಎಂಬ ಸಂಘವು ವ್ಯಕ್ತಿಯನ್ನಲ್ಲದೆ ಉದ್ದಿಮೆಯನ್ನೇ ಪರೀಕ್ಷಿಸಿ ಅಂಗೀಕೃತ ಗುತ್ತಿಗೆದಾರರ ಪಟ್ಟಿಯನ್ನು ಪ್ರಕಟಿಸುತ್ತದೆ. ಕೆಲಸ ನಡೆಯುವ ಸ್ಥಳ, ಉಪಕರಣಗಳು, ವಿಮೆಯ ಪತ್ರ ಇವೆಲ್ಲವನ್ನೂ ಅದರ ಪರೀಕ್ಷಕರು ನೋಡುವರು. ಅಲ್ಲಿಯ ಮನೆಯ ಯಜಮಾನನು ಆ ಪಟ್ಟಿಯನ್ನು ನೋಡಿ ಆಳನ್ನು ಕರೆಯುತ್ತಾನೆ.

ಇದು ಮೆಚ್ಚತಕ್ಕದ್ದೇ. ಆದರೆ ಹೊರಗಿನದೆಲ್ಲವನ್ನೂ ಹಾಗೆಯೇ ತಂದು ನೆಡುವುದಕ್ಕೆ ನಾವು ಒಪ್ಪೆವು. ಇಬ್ಬರು ಮೂವರು ಆಳುಗಳ ಸಣ್ಣ ಉದ್ದಿಮೆಗಳಿಗೆ ಇಂಥ ಮಾನ್ಯತೆಯ ಶುಲ್ಕವೂ, ಕಾಗದಪತ್ರಗಳ ಹೊರೆಯೂ, ಒಂದೊಂದು ಸಂಸ್ಥೆಯವರು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದೂ ಭಾರವಾಗಿವೆಯೆಂಬ ದೂರು ಆ ದೇಶಗಳಲ್ಲಿಯೂ ಇದೆ. ಸಂಪತ್ತುಳ್ಳ ದೇಶದ ಸಣ್ಣವನಿಗೇ ಭಾರವಾದದ್ದು ನಮ್ಮ ಸಣ್ಣವನನ್ನು ಮುಳುಗಿಸಿಬಿಡುವುದು. ಇಲ್ಲಿ ಆಗಬಹುದಾದುದನ್ನು ಊಹಿಸುವುದು ಕಷ್ಟವಲ್ಲ. ಇಂಗ್ಲಿಷಿನಲ್ಲಿ ಪರೀಕ್ಷೆ, ಸಾವಿರಾರು ರೂಪಾಯಿ ಶುಲ್ಕ, ಇಷ್ಟು ವರ್ಷಗಳ ವಹಿವಾಟಿನ ಲೆಕ್ಕ, ಇಷ್ಟು ಠೇವಣಿ ಎಂದು ಕಟ್ಟಳೆ ಮಾಡಿದರೆ, ಪತ್ರವು ರಾಜಧಾನಿಯ ದೊಡ್ಡ ಗುತ್ತಿಗೆದಾರನ ಗೋಡೆಯ ಮೇಲೆ ಚೌಕಟ್ಟಿನೊಳಗೆ ತೂಗುವುದು. ಮರವನ್ನೇರುವವನು ಮಾತ್ರ ಇಂದು ಏರುವ ಆಳೇ. ಅವನ ಸೊಂಟಕ್ಕೆ ಹಗ್ಗವಿರದು, ಕೂಲಿಯು ಇಂದಿಗಿಂತಲೂ ಕಡಮೆಯಾಗುವುದು. ಯೋಗ್ಯತೆಯು ಒಬ್ಬನಲ್ಲಿ, ಪತ್ರವು ಇನ್ನೊಬ್ಬನಲ್ಲಿ ಎಂಬ ಏರ್ಪಾಡನ್ನು ನಾವು ಇತರ ಇಲಾಖೆಗಳಲ್ಲಿ ಕಂಡದ್ದು ಸಾಕು.

ಆದುದರಿಂದ ನಮ್ಮ ಮೊದಲನೆಯ ಸೂತ್ರವೇನೆಂದರೆ, ಪತ್ರವು ಮೊದಲು ಕೈಗೆ ಸಲ್ಲಬೇಕು, ಬಳಿಕ ಅಂಗಡಿಗೆ. ಇದಕ್ಕೆ ಬೇಕಾದ ಮೇಲ್ಪಂಕ್ತಿಯು ನಮ್ಮ ದೇಶದಲ್ಲಿಯೇ ಇದೆ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ತೆಂಗಿನ ಮರದ ಗೆಳೆಯರು ಎಂಬ ಅರ್ಥದ ಹೆಸರಿನಿಂದ ಒಂದು ಕಾರ್ಯಕ್ರಮವನ್ನು ಆರಂಭಿಸಿ, ನಿರುದ್ಯೋಗಿಗಳಾದ ಯುವಕರನ್ನು ಸಣ್ಣ ತಂಡಗಳಾಗಿ ಸೇರಿಸಿ, ಆರು ದಿನಗಳಲ್ಲಿ ಯಂತ್ರದ ಸಹಾಯದಿಂದ ಮರವೇರುವುದನ್ನೂ, ತೆಂಗಿನ ರೋಗಗಳನ್ನು ಗುರುತಿಸುವುದನ್ನೂ ಕಲಿಸಿ, ವಿಮೆಯ ಆಸರೆಯನ್ನೂ ಏರ್ಪಡಿಸಿದರು. ಮರವೇರುವುದು ಕೀಳು ಕೆಲಸವೆಂದು ಬಿಟ್ಟಿದ್ದವರು ಅದನ್ನು ಕಸುಬಾಗಿ ಕೈಕೊಂಡರು. ಹೆಂಗಸರೂ ಮುಂದೆ ಬಂದರು. ತೆಂಗಿಗೆ ಆದದ್ದು ಹೊಂಗೆಗೆ ಏಕಾಗಬಾರದು?

ಎರಡನೆಯ ಉದಾಹರಣೆಯು ಇನ್ನೂ ಹತ್ತಿರದ್ದು. ಭಾರತ ಸರಕಾರದವರು 2023ನೆಯ ಸೆಪ್ಟೆಂಬರ್ 17ನೆಯ ತಾರೀಖು ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ಗಾರೆಯವನು, ಕ್ಷೌರಿಕ, ಅಗಸ, ಹೂಕಟ್ಟುವವನು ಮೊದಲಾದ 18 ಕಸುಬುಗಳವರಿಗೆ ಯೋಗ್ಯತಾಪತ್ರ ಮತ್ತು ಗುರುತಿನ ಚೀಟಿ, ಕೆಲವು ದಿನಗಳ ಶಿಕ್ಷಣ, ಶಿಕ್ಷಣದ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯ, ಉಪಕರಣಗಳಿಗೆ 15,000 ರೂಪಾಯಿ, ಅಲ್ಪ ಬಡ್ಡಿಯ ಸಾಲ ಇವು ಸಲ್ಲುತ್ತವೆ. ಪಟ್ಟಿಯು ಒಳ್ಳೆಯದು, ಆದರೆ ಆ 18ರಲ್ಲಿ ಮರ ಸವರುವವನಿಲ್ಲ. ಹಗ್ಗ, ಶಿರಸ್ತ್ರಾಣ, ಸೊಂಟದ ಪಟ್ಟಿ, ಒಳ್ಳೆಯ ಗರಗಸ, ಇವುಗಳನ್ನು ಕೊಳ್ಳುವುದಕ್ಕೆ ಮೊದಲಾಗಲು 15,000 ರೂಪಾಯಿ ಎಷ್ಟೋ ಸಹಾಯವಾದೀತು. ಹತ್ತೊಂಬತ್ತನೆಯ ಕಸುಬಾಗಿ ಇದನ್ನು ಸೇರಿಸಬೇಕೆಂದು ನಮ್ಮ ಪ್ರಾಂತದ ಪ್ರತಿನಿಧಿಗಳು ದೆಹಲಿಯಲ್ಲಿ ಕೇಳಲೆಂದು ಪ್ರಾರ್ಥಿಸುತ್ತೇವೆ.

ಅದಾಗುವವರೆಗೆ ಇಲ್ಲಿ ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಸೂಚನೆಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮೊದಲನೆಯದಾಗಿ, ಪರೀಕ್ಷೆಯು ಕನ್ನಡದಲ್ಲಿ, ಬಾಯಿಮಾತಿನಲ್ಲಿ, ನಿಜವಾದ ಮರದ ಮೇಲೆ ನಡೆಯಲಿ. ಓದುಬರಹವು ಅದಕ್ಕೆ ನಿಯಮವಾಗಬಾರದು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಅಕ್ಷರವನ್ನರಿಯದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದವರು; 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಅವರ ಕೈಯನ್ನು ನೋಡಿ ಬಂದಿತೇ ಹೊರತು ಅವರ ಕಾಗದವನ್ನು ನೋಡಿಯಲ್ಲ. ಕೆಳಗೆ ನಿಂತು ಹಗ್ಗ ಹಿಡಿಯುವವನು, ಮರವೇರುವವನು, ಮರವನ್ನು ನೋಡಿ ತೀರ್ಮಾನ ಹೇಳುವ ಮೇಸ್ತ್ರಿ, ಹೀಗೆ ಮೂರು ದರ್ಜೆಗಳಿದ್ದರೆ ಸಾಕು. ಎರಡನೆಯದಾಗಿ, ಕಲಿಸುವ ಭಾರವನ್ನು ಹೊಸ ಇಲಾಖೆಗೆ ಹೊರಿಸಬೇಕಾಗಿಲ್ಲ. ದೊಡ್ಡಬಳ್ಳಾಪುರ ತಾಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಕ್ರುಂಬಿಗಲ್ಲರೂ ಮರಿಗೌಡರೂ ಬೆಳೆಸಿದ ಲಾಲ್‌ಬಾಗ್ ಇದೆ. ಈ ಮೂವರಲ್ಲಿ ಯಾರಾದರೊಬ್ಬರು ಬೇಸಗೆಯಲ್ಲಿ ಒಂದು ವಾರವನ್ನು ಕೊಟ್ಟರೆ ಆಗುವ ಕೆಲಸವಿದು.

ಮೂರನೆಯದಾಗಿ, ಉದ್ದಿಮೆಗೆ ಮಾನ್ಯತೆ ಕೊಡುವಾಗ ಮೂರೇ ನಿಯಮಗಳಿರಲಿ: ಮರವೇರುವ ಪ್ರತಿಯೊಬ್ಬನಿಗೂ ವಿಮೆ, ಸೊಂಟಕ್ಕೆ ಹಗ್ಗ ಮತ್ತು ತಲೆಗೆ ಶಿರಸ್ತ್ರಾಣ, ಕೂಲಿಯ ಲೆಕ್ಕ ಬೇರೆ ಸೌದೆಯ ಲೆಕ್ಕ ಬೇರೆ. ವಿಮೆಯೆಂದರೆ ಹೆದರಬೇಕಾಗಿಲ್ಲ. ಪ್ರಧಾನಮಂತ್ರಿ ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದಿಂದ ಮರಣವಾದಲ್ಲಿ ಕುಟುಂಬಕ್ಕೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಅದು ಆಸ್ಪತ್ರೆಯ ಖರ್ಚನ್ನು ಕೊಡದೆಂಬುದು ನಿಜ. ಆದರೆ ಏನೂ ಇಲ್ಲದಲ್ಲಿ ಅದು ಮೊದಲ ಮೆಟ್ಟಿಲು. ನಾಲ್ಕನೆಯದಾಗಿ, ತಾಲೂಕಿನ ಮರ ಸವರುವವರೆಲ್ಲರೂ ಸೇರಿ ಒಂದು ಸಹಕಾರ ಸಂಘವನ್ನು ಕಟ್ಟಿಕೊಳ್ಳಲಿ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರದ ದೀಪವನ್ನು ಹಚ್ಚಿದ ನಾಡು ಇದು. ಒಬ್ಬೊಬ್ಬನೂ ಕೊಳ್ಳಲಾರದ ಉಪಕರಣಗಳನ್ನು ಸಂಘವು ಕೊಂಡು ಬಾಡಿಗೆಗೆ ಕೊಡಬಹುದು. ಒಬ್ಬೊಬ್ಬನೂ ಹಾಕಲಾರದ ಗುತ್ತಿಗೆಯ ಅರ್ಜಿಯನ್ನು ಸಂಘವು ಹಾಕಬಹುದು. ಐದನೆಯದಾಗಿ, ನಗರಸಭೆಯವರು ಮಾನ್ಯತೆ ಪಡೆದವರ ಪಟ್ಟಿಯನ್ನು ಕಚೇರಿಯ ಫಲಕದಲ್ಲಿ ಹಾಕಲಿ. ಮೊದಲ ಎರಡು ವರ್ಷ ಸಾರ್ವಜನಿಕ ಕೆಲಸಗಳಲ್ಲಿ ಅವರಿಗೆ ಪ್ರಾಶಸ್ತ್ಯ ಮಾತ್ರ ಸಲ್ಲಲಿ. ಎಲ್ಲರಿಗೂ ಕಲಿಯಲು ಅವಕಾಶವಾದ ಮೇಲೆ, ಮೂರನೆಯ ವರ್ಷದಿಂದ ಬೀದಿಯ ಮರಗಳನ್ನು ಪತ್ರವಿಲ್ಲದವರು ಮುಟ್ಟಕೂಡದೆಂದು ವಿಧಿಸಲಿ.

ಇದಕ್ಕೆ ಮೂರು ಆಕ್ಷೇಪಣೆಗಳು ಬರಬಹುದು. ಬಡವನ ಹೊಟ್ಟೆಯ ಮೇಲೆ ಹೊಡೆಯುತ್ತೀರೆಂಬುದು ಒಂದು. ಶುಲ್ಕವಿಲ್ಲದೆ, ಭತ್ಯದೊಡನೆ ಕಲಿಸಿ, ಬಳಿಕ ಕೇಳಿದರೆ ಹೊಡೆದಂತಾಗದು. ಕಲಿಸದೆ ಕೇಳಿದರೆ ಖಂಡಿತವಾಗಿಯೂ ಹೊಡೆದಂತೆಯೇ. ಇನ್ನೊಂದು ಪತ್ರ ಹುಟ್ಟಿತೆಂದರೆ ಇನ್ನೊಂದು ಲಂಚವೂ ಹುಟ್ಟಿತೆಂಬುದು ಎರಡನೆಯದು. ಈ ಭಯವು ನಿರಾಧಾರವಾದುದೆಂದು ಹೇಳುವಷ್ಟು ಧೈರ್ಯವು ನಮಗಿಲ್ಲ. ಅದಕ್ಕೇ ಪರೀಕ್ಷೆಯು ಮುಚ್ಚಿದ ಕೋಣೆಯಲ್ಲಿ ನಡೆಯಬಾರದು. ಹತ್ತು ಜನರ ಎದುರಿಗೆ, ಬಯಲಿನಲ್ಲಿ, ಮರದ ಕೆಳಗೆ ನಡೆಯಬೇಕು. ಇಲಾಖೆಯವರೊಬ್ಬರು, ವಿಜ್ಞಾನ ಬಲ್ಲವರೊಬ್ಬರು, ಹಳೆಯ ಕಸುಬುದಾರನೊಬ್ಬನು, ಹೀಗೆ ಮೂವರು ಪರೀಕ್ಷಕರಿದ್ದು ಫಲಿತಾಂಶವನ್ನು ಆ ಸಂಜೆಯೇ ಓದಿ ಹೇಳಬೇಕು. ಪತ್ರವುಳ್ಳವರು ಹೆಚ್ಚಾದರೆ ಮರ ಕಡಿಯುವುದೂ ಹೆಚ್ಚಾದೀತೆಂಬುದು ಮೂರನೆಯದು. ಪತ್ರವು ಕೈಯ ಯೋಗ್ಯತೆಗೆ ಸಾಕ್ಷಿಯೇ ಹೊರತು ಕಡಿಯುವ ಅಪ್ಪಣೆಯಲ್ಲ. ಅಪ್ಪಣೆಗೆ 1976ರ ಕಾನೂನು ಹಾಗೆಯೇ ಇರುವುದು. ಅದನ್ನು ಮೀರಿದವನ ಪತ್ರವು ರದ್ದಾಗತಕ್ಕದ್ದು. ಇಂದು ಮೀರಿದವನು ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ, ಅಂದು ಇರುವುದು.

ನಮ್ಮ ನೆರೆಯ ಮಾಗಡಿ ತಾಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು 2025ನೆಯ ನವೆಂಬರಿನಲ್ಲಿ ತೀರಿಕೊಂಡಾಗ ನಾಡೆಲ್ಲವೂ ಕಣ್ಣೀರು ಸುರಿಸಿತು. ಕುದೂರಿನ ದಾರಿಯಲ್ಲಿ ಆ ತಾಯಿ ನೆಟ್ಟು, ನೀರು ಹೊತ್ತು ಬೆಳೆಸಿದ ಆಲದ ಮರಗಳು ಇಂದೂ ನೆರಳು ಕೊಡುತ್ತಿವೆ. ನೆಡುವವರನ್ನು ಸನ್ಮಾನಿಸುವುದನ್ನು ನಾವು ಬಲ್ಲೆವು. ವರ್ಷಕ್ಕೊಂದು ವನಮಹೋತ್ಸವವನ್ನು ಮಾಡಿ ಭಾಷಣಗಳನ್ನು ಕೇಳುವುದನ್ನೂ ಬಲ್ಲೆವು. ನೆಟ್ಟದ್ದು ಐವತ್ತು ವರ್ಷ ಬೆಳೆದ ಮೇಲೆ ಅದನ್ನು ನೋಡಿಕೊಳ್ಳುವವನು ಯಾರೆಂಬುದನ್ನು ಮಾತ್ರ ವಿಚಾರಿಸಿಲ್ಲ. ಸ್ವದೇಶದ ಅಭಿಮಾನವೆಂದರೆ ಸ್ವದೇಶದ ಕಸುಬುದಾರನ ಅಭಿಮಾನವೂ ಆಗಬೇಡವೆ?

ನಗರಸಭೆಯ ಅಧಿಕಾರಿಗಳಲ್ಲಿ ನಮ್ಮ ಪ್ರಾರ್ಥನೆಯು ದೊಡ್ಡದಲ್ಲ. ಮುಂದಿನ ಮುಂಗಾರಿಗೆ ಮುಂಚೆ ನೆಲಮಂಗಲ, ಅರಿಶಿನಕುಂಟೆಗಳ ಸುತ್ತಮುತ್ತ ಮರವೇರಿ ಜೀವಿಸುವವರ ಹೆಸರುಗಳನ್ನು ಬರೆಸಲಿ. ಕಲಿಸುವುದಕ್ಕೆ ಒಂದು ವಾರವನ್ನೂ, ಪರೀಕ್ಷೆಗೆ ಒಂದು ದಿನವನ್ನೂ ಗೊತ್ತುಮಾಡಲಿ. ತೇರ್ಗಡೆಯಾದವರ ಪಟ್ಟಿಯನ್ನು ಈ ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಧರ್ಮಾರ್ಥವಾಗಿ ಅಚ್ಚು ಹಾಕಲು ನಾವು ಸಿದ್ಧರಿದ್ದೇವೆ. ಮನೆಯ ಯಜಮಾನರು ಆ ಪಟ್ಟಿಯನ್ನು ನೋಡಿ ಆಳನ್ನು ಕರೆಯಲಿ, ಕೂಲಿಯನ್ನು ಸೌದೆಯಲ್ಲಲ್ಲದೆ ಹಣದಲ್ಲಿ ಕೊಡಲಿ, ಹಗ್ಗವಿಲ್ಲದೆ ಏರುವವನನ್ನು ತಮ್ಮ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಲಿ. ನಮ್ಮ ಹಿತ್ತಿಲಲ್ಲಿ ಬಿದ್ದ ಆ ಆಳು ಈಗ ಕೋಲೂರಿಕೊಂಡು ನಡೆಯುತ್ತಾನೆ. ಯಾವ ಮರದ ಯಾವ ಕೊಂಬೆ ಎಷ್ಟು ಭಾರವನ್ನು ತಾಳುತ್ತದೆಂಬುದನ್ನು ಅವನಷ್ಟು ಬಲ್ಲವರು ಈ ಸುತ್ತಿನಲ್ಲಿ ವಿರಳ. ಪರೀಕ್ಷಕರ ಮೂರನೆಯ ಸ್ಥಾನಕ್ಕೆ ಅವನ ಹೆಸರನ್ನು ಮೊದಲು ಸೂಚಿಸುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.